ಟಾಕೀಸಿನ ಸೌಂಡು

ಟಾಕೀಸು ಮುಚ್ಚಿದ ಮೇಲೆ ಆಪರೇಟರಿಗೆ ಈ ಲೋಕದ ಯಾವ ಸದ್ದೂ ಸರಿಬರುತ್ತಿರಲಿಲ್ಲ. ಕುಕ್ಕರು ಕೂಗಿದರೆ ಕೀರಲು ಎನ್ನುತ್ತಿದ್ದ. ಪಕ್ಕದ ಮನೆಯ ಮಗು ಅತ್ತರೆ ಬೇಸ್ ಸಾಲದು ಎನ್ನುತ್ತಿದ್ದ. ಹೆಂಡತಿ ಮಾತಾಡಿದಾಗ ಮಾತ್ರ ಏನೂ ಎನ್ನುತ್ತಿರಲಿಲ್ಲ (ಅಷ್ಟರ ಮಟ್ಟಿಗೆ ಬುದ್ಧಿ ನೆಟ್ಟಗಿತ್ತು). ಮೀಸೆ ಚಿಗುರಿದಾಗಿನಿಂದ ತಲೆ ಬೋಳಾಗುವ ತನಕ ಟಾಕೀಸಿನ ಮೇಲಿನ ಕ್ಯಾಬಿನ್ನಿನಲ್ಲಿ ನಿಂತು ರೀಲು ಓಡಿಸಿದ ಮನುಷ್ಯ. ಈಗ ಅಲ್ಲಿ ಸಿಮೆಂಟಿನ ಮೂಟೆ ತುಂಬಿದ್ದರು. ಇವನು ಮನೆಯಲ್ಲಿ ಇನ್ನೊಂದು ಮೂಟೆಯ ಹಾಗೆ ಕಿಟಕಿಯ ಪಕ್ಕ ಕೂತಿರುತ್ತಿದ್ದ.

ಮನೆ ನಡೆಯುತ್ತಿದ್ದುದು ಹೆಂಡತಿಯ ಹೊಲಿಗೆ ಯಂತ್ರದ ಮೇಲೆ. ನಡುಮನೆಯ ಹಿಂದಿನ ಗೋಡೆಗೆ ಒತ್ತಿಕೊಂಡಿದ್ದ ಆ ಯಂತ್ರ ಕಾಲಲ್ಲಿ ತುಳಿಯುವಂಥದು. ಲಾಡ್ಜಿನವರಿಗೆ ದಿಂಬಿನ ಕವರು ಹೊಲಿದು ಹೊಲಿದು ಅವಳ ಮಂಡಿ ಎರಡೂ ಕೈಕೊಟ್ಟಿದ್ದವು. ಯಂತ್ರಕ್ಕೆ ಒಂದು ಮೋಟಾರು ಹಾಕಿಸಬೇಕೆಂದು ಡಬ್ಬಿಯಲ್ಲಿ ಚಿಲ್ಲರೆ ಕೂಡಿಸುತ್ತ ಬಂದಿದ್ದಳು.

ಮಗಳು ಮದುವೆಯಾಗಿ ಹೋಗುವಾಗ ತನ್ನ ಹಳೆಯ ಕಂಪ್ಯೂಟರನ್ನು ಅಪ್ಪನಿಗೆ ಬಿಟ್ಟುಹೋಗಿದ್ದಳು. ಅದರಲ್ಲಿ ಸಿನಿಮಾ ಹಾಕಿದರೆ ನಾಯಕ, ನಾಯಕಿ, ಖಳನಾಯಕ ಮೂವರೂ ಸೊಳ್ಳೆಯ ದನಿಯಲ್ಲಿ ಜಗಳವಾಡುತ್ತಿದ್ದರು. ಆಪರೇಟರು ಎರಡು ನಿಮಿಷ ಕೇಳಿ ಆರಿಸಿಬಿಡುತ್ತಿದ್ದ. ಆಮೇಲೆ ಊಟ ಅರ್ಧಕ್ಕೇ ನಿಲ್ಲುತ್ತಿತ್ತು, ಮಾತು ಪೂರ್ತಿ ನಿಲ್ಲುತ್ತಿತ್ತು.

ಕೊನೆಗೆ ಒಂದು ದಿನ ಹೆಂಡತಿ ಡಬ್ಬಿ ತಂದು ಅವನ ಮುಂದೆ ಕುಕ್ಕಿದಳು.

"ಏಳಿ. ಸ್ಪೀಕರ್ ತಗೊಂಡು ಬರೋಣ."

"ಇದು ಮೋಟಾರಿನ ದುಡ್ಡಲ್ವೇ?"

"ಹೌದು. ಮಂಡಿ ನೋವಾದ್ರೂ ತಡ್ಕೋತೀನಿ, ನಿಮ್ಮ ಮುಖ ನೋಡಿ ತಡ್ಕೊಳ್ಳೋಕಾಗಲ್ಲ."

ಅಂಗಡಿಯಲ್ಲಿ ಆಪರೇಟರಿಗೆ ಹೋದ ಜೀವ ಬಂದಂತಾಯಿತು. ಕೈ ಹಿಂದೆ ಕಟ್ಟಿಕೊಂಡು, ಪರೀಕ್ಷೆ ನಡೆಸಲು ಬಂದ ಇನ್ಸ್‌ಪೆಕ್ಟರನ ಗತ್ತಿನಲ್ಲಿ ನಿಂತ. ಅಂಗಡಿಯವನು ಮೊದಲು ಬಣ್ಣದ ದೀಪ ಮಿಣುಕುವ ಐದು ಡಬ್ಬಿಗಳ ಸೆಟ್ಟು ಹಾಕಿದ. ಗುಂಡು ಹಾರುವ ದೃಶ್ಯ. ಗಾಜಿನ ಕಪಾಟು ನಡುಗಿತು.

"ಸದ್ದಿದೆ, ಸೌಂಡಿಲ್ಲ," ಎಂದ ಆಪರೇಟರು.

ಅಂಗಡಿಯವನು ಒಂದು ದಪ್ಪ ಬೇಸ್ ಪೆಟ್ಟಿಗೆ ತಂದ. "ಎದೆ ಮೇಲೆ ಕೂತಂಗಿದೆ," ಎಂದ ಆಪರೇಟರು. ಅಂಗೈಯಗಲದ ಒಂದು ಜೊತೆ ತಂದ. ಅದಕ್ಕೆ ಉತ್ತರ ಕೊಡುವುದೂ ತನ್ನ ಘನತೆಗೆ ಕಡಿಮೆ ಎಂಬಂತೆ ಆಪರೇಟರು ತಲೆಯನ್ನಷ್ಟೇ ಅಡ್ಡಡ್ಡ ಆಡಿಸಿದ. ಎಲ್ಲದಕ್ಕೂ ಕೊನೆಗೆ ಒಂದೇ ತೀರ್ಪು: "ಟಾಕೀಸಿನ ಸೌಂಡು ಬರ್ತಿಲ್ಲ."

ಹೆಂಡತಿ ಮೂಲೆಯಲ್ಲಿದ್ದ ದೀಪಗೀಪ ಏನೂ ಇಲ್ಲದ, ಮರದ ಪೆಟ್ಟಿಗೆಯ ಜೋಡಿಯೊಂದನ್ನು ತೋರಿಸಿದಳು. ಅದರಲ್ಲಿ ಒಂದು ಹಾಡು ಹಾಕಿಸಿದಳು, ಆಮೇಲೆ ಇಬ್ಬರು ಪಿಸುಗುಟ್ಟುವ ಒಂದು ದೃಶ್ಯ ಹಾಕಿಸಿದಳು.

"ಇದು ಚೆನ್ನಾಗಿದೆ. ಮಾತು ಬಿಡಿಬಿಡಿಯಾಗಿ ಕೇಳುತ್ತೆ. ನಮ್ಮ ಡಬ್ಬಿಗೂ ಎಟುಕುತ್ತೆ."

"ನಿನಗೇನು ಗೊತ್ತು?"

"ನೀವೇ ಪಾಸು ಕೊಟ್ಟು ಕಳಿಸ್ತಿದ್ರಲ್ಲ. ಬಂದ ಸಿನಿಮಾನೆಲ್ಲ ಕೂತು ಕೇಳಿದ್ದೀನಿ."

"ಕೇಳೋದು ಬೇರೆ, ಕೇಳಿಸೋದು ಬೇರೆ," ಎಂದ ಆಪರೇಟರು. ಅಂಗಡಿಯವನು ಈ ಮಹಾವಾಕ್ಯಕ್ಕೆ ತಲೆದೂಗಿ, ಹೆಂಡತಿಯ ಕೈಯಿಂದ ದುಡ್ಡು ತೆಗೆದುಕೊಂಡು, ಮರದ ಪೆಟ್ಟಿಗೆಗಳನ್ನು ಕಟ್ಟಿಕೊಟ್ಟ.

ಸಂಜೆ ಸಿನಿಮಾ ಹಾಕಿದರು. ಹೆಂಡತಿ ಮೊದಲ ಹಾಡಿಗೇ ಮೈಮರೆತಳು, ತಾಯಿ ಮಗ ಅಗಲುವ ಕಡೆ ಮೂಗು ಒರೆಸಿಕೊಂಡಳು. ಆಪರೇಟರು ಸತ್ತವರ ಮನೆಗೆ ಬಂದವನ ಹಾಗೆ ಕೂತಿದ್ದ.

"ಏನಾಯ್ತು ಈಗ?"

"ಏನೋ ಕಡಿಮೆ."

"ಏನು ಕಡಿಮೆ?"

"ಗೊತ್ತಿದ್ರೆ ಹೇಳ್ತಿರಲಿಲ್ವೇ?" ಅವನ ದನಿ ಸಣ್ಣಗಾಯಿತು. "ಕಿವೀನೂ ಹೋಯ್ತೇನೋ ನಂದು. ಟಾಕೀಸಿನ ಜೊತೆಗೇ."

ಹೆಂಡತಿಗೆ ಸಿಟ್ಟು ಬರಬೇಕಿತ್ತು, ಸಂಕಟ ಬಂತು. ಮೋಟಾರೂ ಹೋಯಿತು, ಮುಖವೂ ಸುಧಾರಿಸಲಿಲ್ಲ. ಮಾರನೆಯ ದಿನ ಲಾಡ್ಜಿಗೆ ಕೊಡಬೇಕಾದ ಕವರುಗಳು ಹಾಗೇ ಬಿದ್ದಿದ್ದವು. ಸಿನಿಮಾ ಓಡಲಿ ಎಂದು ಬಿಟ್ಟು, ಹೋಗಿ ಯಂತ್ರದ ಮುಂದೆ ಕೂತು ತುಳಿಯತೊಡಗಿದಳು. ಟಕಟಕಟಕಟಕ.

ಆಪರೇಟರು ನೆಟ್ಟಗೆ ಕೂತ.

"ಬಂತು," ಎಂದ.

"ಏನು ಬಂತು?"

"ಸೌಂಡು. ಟಾಕೀಸಿನ ಸೌಂಡು. ಈಗ ಬಂತು ನೋಡು."

ಅವಳು ಗಾಬರಿಯಾಗಿ ಕಾಲು ನಿಲ್ಲಿಸಿದಳು.

"ಹೋಯ್ತು," ಎಂದ ಆಪರೇಟರು, ಮುಖ ಇಳಿಬಿಟ್ಟು.

ತುಳಿದಳು, ಬಂತು. ನಿಲ್ಲಿಸಿದಳು, ಹೋಯಿತು. ಹೆಂಡತಿ ಕೈಯಲ್ಲಿದ್ದ ಕವರು ಬಿಟ್ಟು ಗಂಡನ ಕಡೆ ತಿರುಗಿದಳು.

"ರೀ, ನೀವು ಒಂದು ಸಿನಿಮಾನಾದ್ರೂ ಕೆಳಗೆ, ಜನರ ಜೊತೆ ಕೂತು ನೋಡಿದ್ದೀರಾ?"

"ನಾನು ಕೆಳಗೆ ಬಂದ್ರೆ ರೀಲು ಯಾರು ಓಡಿಸ್ತಾರೆ?"

"ಮತ್ತೆ ಮೇಲೆ ಸೌಂಡು ಹೇಗೆ ಕೇಳಿಸ್ತಿತ್ತು?"

ಆಪರೇಟರು ಅಂಗೈ ಅಗಲಿಸಿ ಅಳತೆ ತೋರಿಸಿದ. "ಕ್ಯಾಬಿನ್ನಲ್ಲಿ ಒಂದು ಸ್ಪೀಕರ್ ಇತ್ತು. ಸೋಪಿನ ಡಬ್ಬಿಯಷ್ಟು. ರೀಲು ಓಡಿಸೋ ಮಿಷಿನ್ನು ಪಕ್ಕದಲ್ಲೇ ಟಕಟಕ ಅಂತಿರ್ತಿತ್ತಲ್ಲ, ಅದರ ನಡುವೆ ಎಷ್ಟು ಕೇಳಿಸ್ತೋ ಅಷ್ಟು."

ಹೇಳಿದ ಮೇಲೆ, ತಾನು ಹೇಳಿದ್ದೇನೆಂದು ಅವನಿಗೇ ಅರ್ಥವಾಯಿತು. ಊರಿಗೆಲ್ಲ ಟಾಕೀಸಿನ ಸೌಂಡು ಕೇಳಿಸಿದವನು ಅದನ್ನು ಒಂದು ಸಲವೂ ಕೇಳಿರಲಿಲ್ಲ. ಕೆಲಸ ಎರಡನೆಯ ಸಲ ಹೋದಷ್ಟು ನಾಚಿಕೆಯಾಯಿತು. ಈಗ ಹೋಗಿ ಕೇಳೋಣವೆಂದರೆ ಅಲ್ಲಿ ಸಿಮೆಂಟಿನ ಮೂಟೆ.

ಹೆಂಡತಿ ನಗಲಿಲ್ಲ (ನಕ್ಕಿದ್ದರೆ ಎಷ್ಟೋ ವಾಸಿಯಿತ್ತು). ಮಂಡಿ ಹಿಡಿದುಕೊಂಡು ನಿಧಾನವಾಗಿ ಎದ್ದಳು.

"ಏಳಿ. ಇಲ್ಲಿ ಬಂದು ಕೂತ್ಕೊಳ್ಳಿ."

"ಯಾಕೆ?"

"ಸೌಂಡು ಬೇಕೋ ಬೇಡ್ವೋ?"

ಆಪರೇಟರು ಬಂದು ಯಂತ್ರದ ಮುಂದೆ ಕೂತ. ಚಕ್ರ ನೋಡಿದ, ಪಟ್ಟಿ ನೋಡಿದ, ದಾರ ಯಾವ ಯಾವ ಕೊಂಡಿಯಲ್ಲಿ ನುಸುಳಿ ಸೂಜಿಗೆ ಇಳಿಯುತ್ತದೆ ಎಂದು ನೋಡಿದ. ಯಾರೂ ಕಲಿಸಬೇಕಾಗಲಿಲ್ಲ. ಮೊದಲ ಕವರಿನ ಹೊಲಿಗೆ ಕುಡಿದವನ ನಡಿಗೆಯಂತಿತ್ತು. ಸಿನಿಮಾ ಮುಗಿಯುವಷ್ಟರಲ್ಲಿ ಸೀದಾ ಆಗಿತ್ತು. ಅಡಿಯ ಬಾಬಿನ್ನಿನಲ್ಲಿ ದಾರ ಮುಗಿಯುವ ಸೂಚನೆ ಸಿಕ್ಕೊಡನೆ, ರೀಲು ಬದಲಿಸುತ್ತಿದ್ದ ಚುರುಕಿನಲ್ಲೇ ಇನ್ನೊಂದು ಬಾಬಿನ್ ತುಂಬಿಟ್ಟುಕೊಂಡ. ಮುಂದೆ ಹೆಂಡತಿ ಕುರ್ಚಿಯಲ್ಲಿ ಕೂತು, ಸ್ಟೂಲಿನ ಮೇಲೆ ಕಾಲು ನೀಡಿ, ಎರಡು ಸ್ಪೀಕರುಗಳ ನಟ್ಟನಡುವೆ ಮಹಾರಾಣಿಯಂತೆ ಸಿನಿಮಾ ನೋಡುತ್ತಿದ್ದಳು.

ಅಂದಿನಿಂದ ಅದೇ ಏರ್ಪಾಡು. ದಿನಕ್ಕೆರಡು ಆಟ. ಮೊದಲಿದ್ದ ಲಾಡ್ಜಿನ ಜೊತೆಗೆ ಇನ್ನೊಂದು ಲಾಡ್ಜಿನ ಕವರುಗಳೂ ಬರತೊಡಗಿದವು. ಆಪರೇಟರು ಹೊಟ್ಟೆ ತುಂಬ ಉಣ್ಣುತ್ತಿದ್ದ, ರಾತ್ರಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದ.

ಒಂದು ಸಂಜೆ, ಸಿನಿಮಾದ ನಡುವೆ ಮಗಳ ಫೋನು ಬಂತು.

"ಅಮ್ಮಾ, ಏನದು ಟಕಟಕ? ಮೋಟಾರು ತಗೊಂಡ್ಯಾ?"

"ಹ್ಞೂಂ, ಬಂತು."

"ಹೇಗಿದೆ?"

ಹೆಂಡತಿ ಕುರ್ಚಿಯಲ್ಲೇ ಹಿಂದಕ್ಕೆ ಹೊರಳಿ ಒಮ್ಮೆ ನೋಡಿದಳು.

"ಹಳೇದು. ಆದ್ರೂ ಓಡುತ್ತೆ. ಕರೆಂಟು ತಿನ್ನಲ್ಲ, ಆಗಾಗ ಟೀ ಕೇಳುತ್ತೆ."

ಆಪರೇಟರಿಗೆ ಎಲ್ಲ ಕೇಳಿಸಿತು. ತಕ್ಕ ಉತ್ತರವೂ ನಾಲಿಗೆಯ ತುದಿಗೆ ಬಂತು. ಆದರೆ ಜಗಳಕ್ಕೆ ನಿಂತರೆ ಕಾಲು ನಿಲ್ಲಿಸಬೇಕು, ಕಾಲು ನಿಂತರೆ ಸೌಂಡು ಹೋಗುತ್ತದೆ. ತೆರೆಯ ಮೇಲೆ ನಾಯಕ ಆಗಷ್ಟೇ ಬಾಯಿ ತೆರೆದಿದ್ದ. ಆಪರೇಟರು ತನ್ನ ಬಾಯಿ ಮುಚ್ಚಿಕೊಂಡು ತುಳಿದ.