ಸರಳಿನೊಳಗಿನ ತಳ್ಳುಗಾಡಿ

ಎವರಿಸ್ಟೊನ ಡ್ರಿಲ್ಲಿಂಗ್ ಮಶೀನನ್ನು ಯಾರೋ ಎತ್ತಿಕೊಂಡು ಹೋದದ್ದೇ ಎಲ್ಲಕ್ಕೂ ಮೂಲ. ಬಾರಾಂಕಿಯಾ ನಗರದ ಆ ಬೀದಿಯಲ್ಲಿ ಅವನ ಮನೆಯ ಜಗಲಿಯೇ ಅವನ ವರ್ಕ್‌ಶಾಪು. ಕಳ್ಳತನದ ಮಾರನೆಯ ದಿನವೇ ಅವನು ಜಗಲಿಗೆ ನೆಲದಿಂದ ಸೂರಿನ ತನಕ ಕಬ್ಬಿಣದ ಸರಳು ಬೆಸೆದು, ತಾನೊಬ್ಬ ಓರೆಯಾಗಿ ನುಸುಳುವಷ್ಟು ಬಾಗಿಲಿಟ್ಟ. ಮಾಡಿದ ಸಾಮಾನು ಹೊರಗೆ ಹೋಗಬೇಕಲ್ಲ ಎನ್ನುವುದು ಆ ಸಿಟ್ಟಿನಲ್ಲಿ ಹೊಳೆಯಲಿಲ್ಲ. ಆಮೇಲೆ ಬಂದದ್ದೆಲ್ಲ ಸ್ಟೂಲುಗಳ ಕೆಲಸವಾದ್ದರಿಂದ ಹೊಳೆಯುವ ಸಂದರ್ಭವೂ ಬರಲಿಲ್ಲ.

ಈಗ ಬಂದದ್ದು ತಳ್ಳುಗಾಡಿಯ ಕೆಲಸ. ಮಾಡಿಸುತ್ತಿದ್ದವಳು ಬೀದಿಯವರೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ನಿಕೋಲಾಸಾ. ಬೀದಿಯ ಮೂಲೆಯಲ್ಲಿ ಮುರುಕು ಮೇಜಿಟ್ಟುಕೊಂಡು ಕರಿದ ತಿಂಡಿ ಮಾರುವವಳು. ಎವರಿಸ್ಟೊ ಮದುವೆಯಾಗಲು ಹಂಬಲಿಸುತ್ತಿದ್ದ ಯಾಸಿರಿಸಳ ತಾಯಿ.

"ಭಾನುವಾರ ಫುಟ್‌ಬಾಲ್ ಮ್ಯಾಚ್ ಶುರುವಾಗೋ ಹೊತ್ತಿಗೆ ಗಾಡಿ ಮೂಲೇಲಿ ನಿಂತಿರ್ಬೇಕು," ಎಂದಿದ್ದಳು. "ಹೇಳಿದ ಹೊತ್ತಿಗೆ ಗಾಡಿ ಕೊಡದೋನು ನನ್ನ ಮಗಳನ್ನ ಏನು ಸಾಕ್ತಾನೆ?"

"ಆಗ್ಲಿ ಅತ್ತೆ."

"ಅತ್ತೆ ಆಗೋದು ಗಾಡಿ ನೋಡಿದ್ಮೇಲೆ."

ಭಾನುವಾರ ಬೆಳಗ್ಗೆ ಎವರಿಸ್ಟೊ ವೆಲ್ಡಿಂಗಿಗೆ ಕೂತ. ಅವನು ಕಿಡಿ ಹಾರಿಸಿದರೆ ಬೀದಿಯ ಫ್ಯಾನುಗಳೆಲ್ಲ ಏದುಸಿರು ಬಿಡುತ್ತವೆ, ಟೀವಿಗಳು ಕಣ್ಣು ಮಿಟುಕಿಸುತ್ತವೆ. ನೆರೆಹೊರೆಯವರ ಮರ್ಜಿ ಹಿಡಿಯದೆ ಅವನು ಒಂದು ಪೈಪನ್ನೂ ಬೆಸೆಯುವಂತಿರಲಿಲ್ಲ. ಅವರು ಕರೆಂಟು ಬಿಟ್ಟುಕೊಡಬೇಕಾದರೆ ಇವನು ಅವರ ಸಲಹೆ ಕೇಳಬೇಕು.

ಪಕ್ಕದ ಮನೆಯ ಎಫ್ರೆನ್, ಬಸ್ಸು ಓಡಿಸಿ ನಿವೃತ್ತನಾದವನು, ತೂಗುಕುರ್ಚಿಯನ್ನು ಸರಳಿನ ಹತ್ತಿರಕ್ಕೇ ಎಳೆದುಕೊಂಡ. "ಇಷ್ಟು ಸಣ್ಣ ಚಕ್ರನಾ? ಮಳೆ ಬಂದ್ರೆ ನಮ್ಮ ಬೀದಿ ಹೊಳೆ ಆಗುತ್ತೆ ಮಾರಾಯ. ದೊಡ್ಡದು ಹಾಕು."

"ಗಾಡಿ ಅಗಲ ಆಗುತ್ತಣ್ಣ."

"ಹಾಗಾದ್ರೆ ನಾನು ಫ್ಯಾನ್ ಹಾಕ್ಕೊಂಡು ಮಲಗ್ತೀನಿ. ವೆಲ್ಡಿಂಗ್ ನಾಳೆ ಮಾಡ್ಕೋ."

ಚಕ್ರ ದೊಡ್ಡದಾಯಿತು. ಫ್ರಿಜ್ಜು ನರಳುತ್ತಿದೆ ಎಂದು ಜಗಳಕ್ಕೆ ಬಂದ ಎದುರುಮನೆಯ ಮಾರಿಟ್ಸಾ, ಖಾರದ ಬಾಟಲಿ ಇಡುವುದಕ್ಕೆ ಎರಡೂ ಪಕ್ಕ ತಗಡಿನ ಹಲಗೆ ಹಾಕಿಸಿಯೇ ಹೋದಳು. ಮಧ್ಯಾಹ್ನ ಕಳೆಯುವುದರೊಳಗೆ ಗಾಡಿಗೆ ಒಲೆಯೂ ಕೂತಿತು, ತಗಡಿನ ಮಾಡೂ ಬಂತು, ಗಲ್ಲಾಪೆಟ್ಟಿಗೆಯೂ ಬಂತು. ಹಸಿರು ಬಣ್ಣ ಬಳಿದು ಎವರಿಸ್ಟೊ ಹೆಮ್ಮೆಯಿಂದ ತಳ್ಳಿದ. ಗಾಡಿ ಹೋಗಿ ಬಾಗಿಲಿಗೆ ಗುದ್ದಿ ನಿಂತಿತು.

"ಅಳತೆ ತಗೊಂಡಿರ್ಲಿಲ್ವೇನೋ?" ಎಂದ ಎಫ್ರೆನ್.

"ಚಕ್ರ ದೊಡ್ಡದು ಮಾಡಿಸಿದ್ದು ನೀವು."

"ಚಕ್ರದ ವಿಷಯ ನಾನು ಹೇಳ್ದೆ. ಬಾಗಿಲಿನ ವಿಷಯ ನೀನು ಕೇಳ್ಲೇ ಇಲ್ಲ."

ಎವರಿಸ್ಟೊ ಸರಳು ಕತ್ತರಿಸುವ ಮಶೀನು ಕೈಗೆತ್ತಿಕೊಂಡ. ಅಷ್ಟರಲ್ಲಿ ಮ್ಯಾಚಿಗೆಂದು ಟೀವಿಯನ್ನು ಬೀದಿಗೇ ತಂದಿಟ್ಟು, ಅವನ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಎಲ್ಲರೂ ಕೂತಿದ್ದರು.

"ಟೀವಿ ಆರಿದ್ರೆ ನೀನು ಆ ಪಂಜರದಿಂದ ಹೊರಗೆ ಬರೋ ಹಾಗಿಲ್ಲ, ತಿಳ್ಕೋ," ಎಂದಳು ಮಾರಿಟ್ಸಾ.

ಉಳಿದದ್ದು ಕೈಗರಗಸ. ಕಳ್ಳನ ಕೈಗೆ ಬಗ್ಗಬಾರದೆಂದು ತಾನೇ ಆರಿಸಿ ತಂದ ಸರಳುಗಳನ್ನು ಎವರಿಸ್ಟೊ ಒಂದೊಂದಾಗಿ ಕೊಯ್ಯತೊಡಗಿದ. ಕೈಯಲ್ಲಿ ಬೊಬ್ಬೆ ಎದ್ದವು, ಬೆವರು ಕಣ್ಣಿಗಿಳಿಯಿತು. ಯಾಸಿರಿಸ್ ಕೈತಪ್ಪಿ ಹೋದಳೆಂದೇ ಅವನಿಗೆ ಅಳು ಬಂದಿತ್ತು. ಆಟಗಾರರು ಮೈದಾನಕ್ಕೆ ಇಳಿಯುವ ಹೊತ್ತಿಗೆ ಕೊನೆಯ ಸರಳು ಬಿತ್ತು. ಜಗಲಿಯ ಮುಂಭಾಗ ಪೂರ್ತಿ ಬಯಲಾಯಿತು.

ಅದೇ ಸಮಯಕ್ಕೆ ದೋನ್ಯಾ ನಿಕೋಲಾಸಾ ಮೆಕ್ಕೆಜೋಳದ ಹಿಟ್ಟಿನ ಬೋಗುಣಿ ಹೊತ್ತು ಬಂದಳು. ಹಿಂದೆ ಎಣ್ಣೆಯ ಕ್ಯಾನು ಹಿಡಿದ ಯಾಸಿರಿಸ್.

"ಬಂತು ಅತ್ತೆ, ಈಗ ಮೂಲೆಗೆ ತಳ್ತೀನಿ," ಎಂದು ಎವರಿಸ್ಟೊ ಏದುತ್ತ ಹೇಳಿದ.

"ನಿಲ್ಲು."

ದೋನ್ಯಾ ಕತ್ತೆತ್ತಿ ನೋಡಿದಳು. ತಲೆಯ ಮೇಲೆ ಗಟ್ಟಿ ಸೂರು, ಒಳ್ಳೆಯ ದೀಪ. ಕೆಳಗೆ ಮಳೆನೀರು ಹತ್ತದ ಜಗಲಿ. ಎದುರಿಗೆ ಹಸಿದು ಕೂತ ಇಡೀ ಬೀದಿ. ಅವಳು ಬೋಗುಣಿಯನ್ನು ಗಾಡಿಯ ಮೇಲಿಟ್ಟು ಅಲ್ಲೇ ಒಲೆ ಹಚ್ಚಿದಳು.

"ಮೂಲೆ ಯಾರಿಗೆ ಬೇಕು? ಇನ್ಮೇಲೆ ನನ್ನ ಅಂಗಡಿ ಇಲ್ಲೇ. ಮದುವೆ ಡಿಸೆಂಬರ್‌ನಲ್ಲಿ ಇಟ್ಕೊಳ್ಳೋಣ ಅಳಿಯಂದ್ರೇ."

ಬೀದಿ ಚಪ್ಪಾಳೆ ಹೊಡೆಯಿತು. ಯಾಸಿರಿಸ್ ನಕ್ಕಳು. ಎವರಿಸ್ಟೊನಿಗೆ ಎದೆ ತುಂಬಿ ಬಂತು. ಅದು ತುಂಬಿದ್ದು ಸ್ವಲ್ಪ ಹೊತ್ತು ಮಾತ್ರ. ಅಷ್ಟರಲ್ಲಿ ಎಫ್ರೆನ್ ಅವನ ವೆಲ್ಡಿಂಗ್ ಮಶೀನನ್ನು ಎಣ್ಣೆ ಸಿಡಿದೀತೆಂದು ಎತ್ತಿ ರಸ್ತೆಯಲ್ಲಿಟ್ಟಿದ್ದ.

"ಅತ್ತೆ, ನಾನು ಕೆಲಸ ಎಲ್ಲಿ ಮಾಡ್ಲಿ?"

"ಮೂಲೆ ಖಾಲಿ ಇದ್ಯಲ್ಲ," ಎಂದಳು ದೋನ್ಯಾ, ಎಣ್ಣೆಯಲ್ಲಿ ಬೇಯುವ ಜೋಳದ ಅರೇಪ ರೊಟ್ಟಿ ತಿರುವಿ ಹಾಕುತ್ತ. "ಅದಕ್ಕೆ ಮೊದ್ಲು, ಮ್ಯಾಚ್ ಮುಗಿದ ತಕ್ಷಣ ಆ ಸರಳೆಲ್ಲ ವಾಪಸ್ ಕೂರಿಸ್ಬಿಡು. ಇಷ್ಟು ಒಳ್ಳೆ ಗಾಡೀನ ಕಳ್ಳರು ಬಿಡ್ತಾರಾ? ಬೀಗದ ಕೈ ನನ್ಹತ್ರ ಇರ್ಲಿ."