ಎರಡು ಗದ್ದೆಗಳ ನಡುವಿನ ಹಲಸಿನ ಮರ

ಓದು ಕೊಡುವಾಗ ಕೈ ಬಿಗಿಹಿಡಿದ ದೇವರು ಮೊಮ್ಮಗಳನ್ನು ಕೊಡುವಾಗ ಕೈಬಿಚ್ಚಿ ಕೊಟ್ಟ. ನಾನು ಶಾಲೆಯಲ್ಲಿ ಬರೆದ ಆನೆಯನ್ನು ನೋಡಿ ಮಾಸ್ತರರು "ಬದನೆಕಾಯಿ ಚೆನ್ನಾಗಿದೆ" ಎಂದಿದ್ದರು. ನನ್ನ ಚಿತ್ರಕಲೆ ಅಲ್ಲಿಗೆ ಮುಗಿಯಿತು. ನಮ್ಮ ವಿನಯಾ ಹಾಗಲ್ಲ. ಉಡುಪಿಯ ಪ್ರದರ್ಶನಕ್ಕೆ ದೊಡ್ಡದೊಂದು ಬಣ್ಣದ ಚಿತ್ರ ಕೊಡಬೇಕು, ಅದಕ್ಕೆ ಮೊದಲು ನಿಜವಾದ ಮರವನ್ನು ನೋಡಿ ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು ಎಂದಳು. ಹುಡುಗಿ ಒಬ್ಬಳೇ ಹೋಗುವುದು ಬೇಡ ಎಂದು ಅವಳಪ್ಪ ತಡೆದಾಗ, ನಾನಿದ್ದೇನಲ್ಲ ಎಂದೆ. ಮದುವೆಗೆಂದು ಇಟ್ಟಿದ್ದ ಇಸ್ತ್ರಿ ಅಂಗಿ ಹಾಕಿ, ಕನ್ನಡಕ ಏರಿಸಿ, ಕೊಡೆ ಹಿಡಿದು ಹೊರಟೆ. ಮೊಮ್ಮಗಳ ಜೊತೆ ಹೋಗುವಾಗ ಅಷ್ಟಾದರೂ ಗತ್ತು ಬೇಡವೇ?

ಕಾರ್ಕಳದ ಬಸ್ಸಿಳಿದು ನಿಟ್ಟೆಯ ಕಡೆ ನಡೆದಾಗ ಎರಡು ಗದ್ದೆಗಳ ನಡುವೆ, ಬುಡದಲ್ಲಿ ಹುತ್ತವಿದ್ದ ಹಲಸಿನ ಮರವೊಂದು ಅವಳಿಗೆ ಹಿಡಿಸಿತು. ಬಂಡೆಯ ಮೇಲೆ ಕುಳಿತು ಬರೆಯತೊಡಗಿದಳು. ಸ್ವಲ್ಪದರಲ್ಲೇ ಸೇಸಪ್ಪ ಎಂಬವರು ಎಳನೀರು ತಂದು, "ಬಿಸಿಲಲ್ಲಿ ಎಂತ ಕಷ್ಟ ಸ್ವಾಮಿ ನಿಮಗೆ" ಎಂದರು. ಎಂಥ ಒಳ್ಳೆಯ ಜನ ಎಂದುಕೊಂಡು ಕುಡಿದೆ. ಆಮೇಲೆ ಮೆಲ್ಲಗೆ, "ಮರ ನನ್ನ ಬದಿಯಲ್ಲಿ ಉಂಟು. ಈ ಅಮ್ಮನಿಗೆ ಸರಿಯಾಗಿ ಬರೆಯಲಿಕ್ಕೆ ಹೇಳಿ" ಎಂದರು. ಆಗ ಗೊತ್ತಾಯಿತು. ಉಳುವವನಿಗೆ ಭೂಮಿ ಎಂಬ ಕಾನೂನು ಬಂದು, ಗೇಣಿ ಗದ್ದೆ ತಮ್ಮದೆಂದು ಎಲ್ಲರೂ ಡಿಕ್ಲರೇಷನ್ ಕೊಡುತ್ತಿದ್ದ ಕಾಲ. ಗದ್ದೆ ನೋಡಿ ಕಾಗದದಲ್ಲಿ ಗೀಟು ಎಳೆದವರೆಲ್ಲ ಜನರ ಕಣ್ಣಿಗೆ ಸರಕಾರದವರೇ.

ನಾನು ಬಾಯಿ ಬಿಡುವ ಮೊದಲೇ ಪಕ್ಕದ ಗದ್ದೆಯ ಬಾಬಣ್ಣ ಬೆಲ್ಲ, ನೀರು ಹಿಡಿದು ಓಡಿ ಬಂದರು. "ಅವನ ಮಾತು ಕೇಳಬೇಡಿ ಸ್ವಾಮಿ. ಹಣ್ಣು ಬೀಳುವುದು ಯಾರ ಗದ್ದೆಗೆ, ಕೇಳಿ."

"ಬೇರು ಯಾರ ಗದ್ದೆಯಲ್ಲಿ ಉಂಟು ಮಾರಾಯ?" ಎಂದರು ಸೇಸಪ್ಪ. ಜಗಳಾಡುತ್ತ ಇಬ್ಬರೂ ಮರಕ್ಕೆ ಅಡ್ಡ ನಿಂತರು.

"ಅಜ್ಜ, ಮರವೇ ಕಾಣುವುದಿಲ್ಲ. ಬೆಳಕು ಹೋಗ್ತದೆ" ಎಂದು ವಿನಯಾ ಅಳುವ ಹಾಗಾದಳು. ಇವತ್ತು ಮುಗಿಯದಿದ್ದರೆ ಅವಳಪ್ಪ ಇನ್ನೊಮ್ಮೆ ಕಳಿಸುವವನಲ್ಲ. ಆಫೀಸರನ ಸುಖ ಸಾಕೆಂದು ನಿಜ ಹೇಳಿದೆ: ನಾವು ಸರಕಾರದವರಲ್ಲ, ಇವಳು ನನ್ನ ಮೊಮ್ಮಗಳು, ಬರೆಯುವುದು ಗೋಡೆಗೆ ಹಾಕುವ ಚಿತ್ರ. ಕುಡಿದ ಎಳನೀರನ್ನು ಹಿಂದೆ ಕೊಡುವ ದಾರಿ ಮಾತ್ರ ಇರಲಿಲ್ಲ.

ಇಬ್ಬರೂ ಬಗ್ಗಿ ನೋಡಿದರು. "ನಡುವಿನ ಕಟ್ಟಪುಣಿ ಎಲ್ಲಿ ಮಗಳೇ?" ಎಂದರು ಸೇಸಪ್ಪ, ಗದ್ದೆಗಳ ಗಡಿಯ ಬದುವನ್ನು ಕಾಗದದಲ್ಲಿ ಹುಡುಕುತ್ತ.

"ಅದು ಚಂದ ಕಾಣಲಿಲ್ಲ. ಬಿಟ್ಟೆ."

ಬಾಬಣ್ಣ ಮೊದಲು ನಕ್ಕರು. "ನಮ್ಮ ಅಪ್ಪಂದಿರ ಕಾಲದ ಜಗಳ, ಇವಳಿಗೆ ಚಂದ ಕಾಣಲಿಲ್ಲವಂತೆ." ಮತ್ತೆ ಇಬ್ಬರೂ ಬಂಡೆಯ ಮೇಲೆ ನನ್ನ ಪಕ್ಕದಲ್ಲೇ ಕುಳಿತು, ಮರಕ್ಕೆ ಅಡ್ಡ ಬಂದ ದನವನ್ನೂ ಓಡಿಸಿದರು. ಹೊರಡುವಾಗ ಒಂದು ಹಲಸಿನ ಹಣ್ಣು ಹೆಗಲಿಗೇರಿಸಿ ಬಸ್ಸಿನವರೆಗೂ ಬಂದರು. ಯಾರ ಬದಿಯದೆಂದು ನಾನು ಕೇಳಲಿಲ್ಲ. ಆ ಪುಣ್ಯಾತ್ಮರಿಗೆ ಇಂದಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಪ್ರದರ್ಶನದಲ್ಲಿ ಆ ಚಿತ್ರದ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತವನು ಅವಳಪ್ಪ. "ಇನ್ನೊಮ್ಮೆ ಯಾವಾಗ ಹೋಗುವುದು?" ಎಂದು ಅವನೇ ಕೇಳಿದ. ಈಗ ಚಿತ್ರ ನಮ್ಮ ಚಾವಡಿಯಲ್ಲಿದೆ. ಬಂದವರಿಗೆಲ್ಲ ಮರದ ಬುಡದ ಕಂದು ಬಣ್ಣವನ್ನು ತೋರಿಸಿ, ಕುಳಿತಿರುವುದು ನಾನೇ ಎನ್ನುತ್ತೇನೆ. ವಿನಯಾ ಅದು ಹುತ್ತ ಎನ್ನುತ್ತಾಳೆ. ಇರಲಿ. ಇಷ್ಟು ವರ್ಷ ನನ್ನ ಸ್ವಾಧೀನದಲ್ಲಿರುವ ಜಾಗ, ಇನ್ನು ಬಿಟ್ಟುಕೊಡುವವನಲ್ಲ.