ತಿರುಪತಿಯ ದಾರಿ ಹಿಡಿದ ಎರಡನೆಯ ಲಾರಿ

ನಮ್ಮ ವಂಶದಲ್ಲಿ ಪದವಿ ಪಡೆದ ಪ್ರಥಮ ವ್ಯಕ್ತಿ ನಾನು. ಈ ಸಂಗತಿಯನ್ನು ನಾನಾಗಿಯೇ ಯಾರಿಗೂ ಹೇಳುವುದಿಲ್ಲ; ಅವರು ಕೇಳಲೆಂದು ಕಾಯುತ್ತೇನೆ. ಕೇಳದಿದ್ದರೆ ಹೇಳುತ್ತೇನೆ.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ಕೋಲಾರದ ಒಂದು ಮಾವಿನ ಪಲ್ಪ್ ಫ್ಯಾಕ್ಟರಿಯ ಕಚೇರಿಯಲ್ಲಿ ನಾನು ಸಹಾಯಕನಾಗಿ ಸೇರಿ ಹನ್ನೊಂದು ತಿಂಗಳಾಗಿತ್ತು. ಹುದ್ದೆ ತಾತ್ಕಾಲಿಕ. ಖಾಯಂ ಆಗುವುದೋ, ಮನೆಗೆ ಹೋಗುವುದೋ ಎಂಬುದು ಆ ಮಾವಿನ ಕಾಲದಲ್ಲಿ ತೀರ್ಮಾನವಾಗಬೇಕಿತ್ತು. ನನ್ನ ತಾಯಿಯವರಾದರೋ ನಾನು ಈಗಾಗಲೇ ಖಾಯಂ ಆಗಿರುವೆನೆಂದು ಇಡೀ ಬೀದಿಗೆ ತಿಳಿಸಿಬಿಟ್ಟಿದ್ದರು!

ನಮ್ಮ ಯಜಮಾನರು ರೆಡ್ಡಿಯವರು. ಪ್ರತಿದಿನ ಬೆಳಿಗ್ಗೆ ಮೊಬೈಲನ್ನು ಕಿವಿಗೆ ಒತ್ತಿಕೊಂಡು, ಯಾವ ಲಾರಿ ಯಾವ ತೋಪಿಗೆ ಹೋಗಬೇಕೆಂದು ಕೂಗುತ್ತಿದ್ದರು. ಆ ಕೂಗಿಗೆ ವಾಸ್ತವವಾಗಿ ಮೊಬೈಲಿನ ಅಗತ್ಯವಿರಲಿಲ್ಲ. ಮುಳಬಾಗಿಲಿಗೆ ಹಾಗೆಯೇ ಕೇಳಿಸುತ್ತಿತ್ತು.

ಆಗ ನಾನು ಬೆಂಗಳೂರಿನಲ್ಲಿ ಒಂದು ದಿನದ ತರಬೇತಿಗೆ ಹೋಗಿ ಬಂದೆ. ಅಲ್ಲಿ ಕೇಳಿದ ಪದವೇ ಕ್ಲೌಡ್ ಕಂಪ್ಯೂಟಿಂಗ್! ಪಟ್ಟಿಯು ನಮ್ಮ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಎಲ್ಲೋ ದೂರದ ದೊಡ್ಡ ಕಂಪ್ಯೂಟರಿನಲ್ಲಿ ಇರುತ್ತದೆ. ಯಾವ ಊರಿನ ಸೈಬರ್ ಸೆಂಟರಿನಿಂದಲಾದರೂ ನಮ್ಮ ಜನ ಅದನ್ನು ತೆರೆದು ಬರೆಯಬಹುದು. ಬರೆದದ್ದು ಎಲ್ಲರಿಗೂ ಆ ಕ್ಷಣವೇ ಕಾಣುತ್ತದೆ. ಬಸ್ಸಿನಲ್ಲಿ ಹಿಂತಿರುಗುವಾಗ ಸಂತೋಷ ತಡೆಯಲಾರದೆ ಪಕ್ಕದ ಪ್ರಯಾಣಿಕರಿಗೂ ವಿವರಿಸಿದೆ. ಅವರು ನರಸಾಪುರದಲ್ಲೇ ಇಳಿದುಹೋದರು. ಅವರ ಟಿಕೆಟು ಕೋಲಾರದವರೆಗೆ ಇತ್ತು.

"ಇದರಲ್ಲಿ ಇನ್ನೊಂದು ವಿಶೇಷವಿದೆ ಸಾರ್," ಎಂದು ರೆಡ್ಡಿಯವರಿಗೆ ಅರಿಕೆ ಮಾಡಿಕೊಂಡೆ. "ಯಾರು, ಯಾವ ಗಳಿಗೆಯಲ್ಲಿ, ಏನನ್ನು ಬದಲಿಸಿದರೆಂಬುದು ಹೆಸರಿನ ಸಮೇತ ದಾಖಲಾಗುತ್ತದೆ. ತಪ್ಪು ಮಾಡಿದವರು ತಪ್ಪಿಸಿಕೊಳ್ಳುವಂತೆಯೇ ಇಲ್ಲ!"

"ಹಂಗಾ? ಚೆನ್ನಾಗೈತಲ್ಲಯ್ಯಾ ಡಿಗ್ರಿ!" ಎಂದರು. ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ. "ಸೋಮವಾರ ಎಂಟು ಲಾರಿ, ಎಂಟು ತೋಪು. ನಿನ್ನ ಮೋಡದಲ್ಲೇ ನಡೆಸು. ಸರಿಹೋಯ್ತಾ, ಸಾಯಂಕಾಲ ನಿನ್ನ ಖಾಯಂ ಆರ್ಡರ್‌ಗೆ ಸೈನು. ಸರಿಹೋಗ್ಲಿಲ್ಲವೋ, ಆಮೇಲೆ ಮಾತಾಡೋಣ."

ನಾನು ತಡಮಾಡಲಿಲ್ಲ. ಮೊದಲು ಖಾಯಂ ಆದೇಶವನ್ನು ನಾನೇ ಟೈಪು ಮಾಡಿ ಮೇಜಿನ ಡ್ರಾಯರಿನಲ್ಲಿಟ್ಟೆ. ಅನಂತರ ಪಟ್ಟಿಯ ಕೆಲಸ ಆರಂಭಿಸಿದೆ.

ಹೊರ ಊರುಗಳಲ್ಲಿ ನಮಗೆ ಮೂವರು ಇದ್ದರು. ಶ್ರೀನಿವಾಸಪುರದಲ್ಲಿ ವೆಂಕಟರಮಣಪ್ಪ, ಮುಳಬಾಗಿಲಿನಲ್ಲಿ ಗುರುರಾಜಾಚಾರ್, ಮಾಲೂರಿನಲ್ಲಿ ಬಾಬಾಜಾನ್. ಇವರು ಬೆಳಿಗ್ಗೆ ಒಂಬತ್ತಕ್ಕೆ ಸೈಬರ್ ಸೆಂಟರಿಗೆ ಹೋಗಿ, ಯಾವ ತೋಪಿನಲ್ಲಿ ಎಷ್ಟು ಕ್ರೇಟು ತೋತಾಪುರಿ ಸಿದ್ಧವಿದೆಯೆಂದು ಬರೆದು, ತೋಪುಗಳ ಕಡೆಗೆ ಹೊರಡಬೇಕು. ಹತ್ತಕ್ಕೆ ಲಾರಿಯ ಚಾಲಕರು ಅದೇ ಸೆಂಟರುಗಳಿಗೆ ಬಂದು, ತಮ್ಮ ಲಾರಿಯ ಸಂಖ್ಯೆಯ ಸಾಲನ್ನು ಅಲ್ಲಿಯವರಿಂದ ಓದಿಸಿಕೊಳ್ಳಬೇಕು. ಒಂದನೇ ಲಾರಿಗೆ ಒಂದನೇ ಸಾಲು, ಎಂಟನೇ ಲಾರಿಗೆ ಎಂಟನೇ ಸಾಲು. ಎಂತಹ ಸರಳತೆ!

ಭಾನುವಾರ ನನ್ನ ಹೆಂಡತಿ ಮಂಜುಳಾ ಬೆಳ್ಳುಳ್ಳಿ ಸುಲಿಯುತ್ತಾ ಪಟ್ಟಿಯ ಪ್ರತಿಯನ್ನು ನೋಡಿದಳು.

"ರೀ, ಇದರಲ್ಲಿ ಲಾರಿ ನಂಬರೇ ಬರೆದಿಲ್ವಲ್ಲ?"

"ಅಂಚಿನಲ್ಲಿ ಸಾಲಿನ ಸಂಖ್ಯೆ ತಾನಾಗಿಯೇ ಬರುತ್ತದೆ ಮಂಜುಳಾ. ಅದೇ ಲಾರಿಯ ಸಂಖ್ಯೆ. ಒಂದೇ ಅಂಕಿಯನ್ನು ಎರಡು ಸಲ ಬರೆಯುವುದು ವಿದ್ಯಾವಂತರ ಲಕ್ಷಣವಲ್ಲ."

"ತೋಪಿನ ಪಕ್ಕ ಒಂದು ನಂಬರ್ ಹಾಕಿದ್ರೆ ಕೈ ಸವೆದುಹೋಗುತ್ತಾ?"

ಪಿಯುಸಿ ಓದಿದವರೊಂದಿಗೆ ಇಂತಹ ವಿಷಯಗಳನ್ನು ಚರ್ಚಿಸಬಾರದೆಂದು ಪಟ್ಟಿಯನ್ನು ಮಡಿಚಿ ಜೇಬಿಗಿಟ್ಟೆ.

ಸೋಮವಾರ ಎಂಟು ಗಂಟೆಗೇ ಕಚೇರಿ ತಲುಪಿ, ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿದೆ. ಪಟ್ಟಿಯನ್ನು ತೆರೆದು, ಯಾವುದೇ ಶುಭಕಾರ್ಯದ ಆರಂಭದಲ್ಲಿ ಮಾಡತಕ್ಕ ಪುಟ್ಟ ಕೆಲಸವೊಂದನ್ನು ಮಾಡಿ ಮುಚ್ಚಿದೆ. ಬಳಿಕ ಗೋಡೆಗೆ ಒಂದು ಪ್ರಕಟಣೆ ಅಂಟಿಸಿದೆ: "ಇಂದಿನಿಂದ ಲಾರಿಗಳ ವಿಷಯದಲ್ಲಿ ಫೋನ್ ಕರೆಗಳನ್ನು ಸ್ವೀಕರಿಸತಕ್ಕದ್ದಲ್ಲ."

ಹತ್ತೂವರೆಗೆ ಫೋನು ಬಡಿದುಕೊಂಡಿತು. ನಾನು ಎತ್ತಲಿಲ್ಲ. ನಿಯಮ ಎಂದರೆ ನಿಯಮ! ಮತ್ತೆ ಬಡಿದುಕೊಂಡಿತು. ಪ್ರಕಟಣೆಯನ್ನು ಇನ್ನೊಮ್ಮೆ ಓದಿ ಧೈರ್ಯ ತಂದುಕೊಂಡೆ. ಹನ್ನೊಂದಕ್ಕೆ ರೆಡ್ಡಿಯವರ ಮೊಬೈಲು ಬಡಿದುಕೊಂಡಿತು. ಅವರಿಗೆ ನನ್ನ ನಿಯಮ ಅನ್ವಯಿಸುತ್ತಿರಲಿಲ್ಲ.

"ಏನ್ಲಾ? ಎಲ್ಲಿದೀಯ? ಆಂಜನೇಯಸ್ವಾಮಿ ಗುಡಿ ಮುಂದೆನಾ?" ಎಂದು ಕೂಗಿ, ಮೊಬೈಲನ್ನು ನನ್ನ ಕೈಗೆ ತುರುಕಿದರು.

ಒಂದನೇ ಲಾರಿಯ ಚಾಲಕ ಮುಳಬಾಗಿಲಿನಿಂದ ಮಾತಾಡುತ್ತಿದ್ದ. "ದರ್ಶನಂ ಅಯಿಂದಿ ಸಾರ್. ಮಂಗಳಾರತಿನೂ ತಗೊಂಡೆ. ಕಾಯಿ ಎಲ್ಲಿ ತುಂಬಬೇಕು?"

"ಗುಡಿಗೆ ಹೋಗಲು ತಮಗೆ ಹೇಳಿದವರು ಯಾರು?"

"ನಿಮ್ಮ ಕಂಪ್ಯೂಟ್ರೇ ಸಾರ್. ಒಂದನೇ ಸಾಲು, 'ಶ್ರೀ ಆಂಜನೇಯಸ್ವಾಮಿ ಪ್ರಸನ್ನ' ಅಂತ ಸೆಂಟರ್‌ನೋರು ಓದಿದ್ರು."

ಅಷ್ಟರಲ್ಲಿ ಎರಡನೆಯ ಲಾರಿಯ ಕರೆ. "ಸಾರ್, ನಂಗಲಿ ದಾಟಿದೀವಿ. ನಮ್ಮ ಸಾಲಲ್ಲಿ 'ಶ್ರೀ ವೆಂಕಟೇಶ್ವರಾಯ ನಮಃ' ಅಂತಿದೆ. ದೊಡ್ಡ ತಿರುಪತಿನೋ, ಮಾಲೂರು ಕಡೆ ಚಿಕ್ಕ ತಿರುಪತಿನೋ? ದೊಡ್ಡದೇ ಇರ್ಬೇಕು ಅಂತ ಹೊರಟ್ವಿ. ಕ್ಲೀನರ್‌ಗೆ ಮುಡಿ ಕೊಡೋ ಹರಕೆನೂ ಇತ್ತು."

"ತಿರುಗಿಸಿ! ಕೂಡಲೇ ತಿರುಗಿಸಿ!" ಎಂದು ಅರಚಿದೆ. ರೆಡ್ಡಿಯವರ ಕೂಗಿನ ಮಹತ್ವ ನನಗೆ ಅರ್ಥವಾದದ್ದು ಆ ಕ್ಷಣದಲ್ಲಿ.

ಮೂರನೆಯ ಲಾರಿಯವನು ಕಳುಹಿಸಿದ ಸುದ್ದಿ ಇನ್ನೂ ಭಯಂಕರವಾಗಿತ್ತು. ಅವನ ಸಾಲಿನಲ್ಲಿ ಇದ್ದುದು ಬರೀ 786. ಏಳುನೂರ ಎಂಬತ್ತಾರು ಖಾಲಿ ಕ್ರೇಟು ತರಬೇಕೆಂದು ತಿಳಿದು, ಮಾಲೂರಿನ ಅಂಗಡಿ ಅಂಗಡಿಗೂ ಹೋಗಿ ಕ್ರೇಟು ಬೇಡುತ್ತಿದ್ದನಂತೆ. ನಾಲ್ಕನೆಯವನಿಗೆ ಸಿಕ್ಕಿದ್ದು ಕೇವಲ 'ಶ್ರೀ'. ಅದು ಶ್ರೀನಿವಾಸಪುರವೇ ಇರಬೇಕೆಂದು ಊಹಿಸಿ, ಅಲ್ಲಿನ ಬಸ್ ನಿಲ್ದಾಣದ ಬಳಿ ಲಾರಿ ನಿಲ್ಲಿಸಿಕೊಂಡು ನಿದ್ರಿಸುತ್ತಿದ್ದ. ಉಳಿದ ನಾಲ್ಕು ಲಾರಿಗಳು ಮೊದಲ ನಾಲ್ಕು ತೋಪುಗಳಿಗೆ ಹೋಗಿದ್ದವು. ಕೊನೆಯ ನಾಲ್ಕು ತೋಪುಗಳಲ್ಲಿ ಕಿತ್ತ ಕಾಯಿ ಬಿಸಿಲಿನಲ್ಲಿ ಕುಳಿತು ಲಾರಿಯ ದಾರಿ ಕಾಯುತ್ತಿತ್ತು!

ಸಂಜೆಯ ವೇಳೆಗೆ ರೆಡ್ಡಿಯವರು ಹಳೆಯ ಪದ್ಧತಿಯಂತೆ ಕೂಗಿ, ಎಲ್ಲ ಲಾರಿಗಳನ್ನೂ ತೋಪು ಸೇರಿಸಿದರು. ಕಾಯಿ ಉಳಿಯಿತು. ನಾನು ಉಳಿಯುವೆನೋ ಇಲ್ಲವೋ ತಿಳಿಯದು. ಹೊರ ಊರಿನ ಮೂವರನ್ನೂ ಅವರು ಕಚೇರಿಗೆ ಕರೆಸಿದರು.

ನಾನು ಗಂಟಲು ಸರಿಪಡಿಸಿಕೊಂಡೆ. "ಪಟ್ಟಿಯ ಮೇಲ್ಭಾಗದಲ್ಲಿ ಹೊಸ ಸಾಲುಗಳನ್ನು ತುರುಕಿದವರು ಯಾರು? ಅದರಿಂದ ಎಲ್ಲ ತೋಪುಗಳೂ ಕೆಳಕ್ಕೆ ಜಾರಿವೆ!"

"ಏನಪ್ಪಾ ಹಿಂಗಂತೀಯ? ದೇವರ ಹೆಸರು ಹಾಕ್ದೆ ಬರವಣಿಗೆ ಶುರು ಮಾಡೋದು ಹೆಂಗೆ?" ಎಂದರು ವೆಂಕಟರಮಣಪ್ಪ.

ಬಾಬಾಜಾನ್ ತಲೆದೂಗಿದರು. "ನಮ್ಮಲ್ಲೂ ಅಷ್ಟೇ ಸಾಬ್. 786 ಹಾಕ್ದೆ ನಾನು ಪೋಸ್ಟ್ ಕಾರ್ಡೂ ಬರೆಯಲ್ಲ."

ಗುರುರಾಜಾಚಾರ್ ಶಾಂತವಾಗಿ ನುಡಿದರು: "ನಾನು ತೆರೆದು ನೋಡುವಾಗ ಮೇಲೆ ಆಗಲೇ ಮೂವರು ಬರೆದಿದ್ದರು. ನಮ್ಮ ಊರಿನ ಆಂಜನೇಯನನ್ನು ಬಿಟ್ಟರೆ ಚೆನ್ನಾಗಿರುತ್ತದೆಯೇ?"

"ಮೂವರಾ?" ರೆಡ್ಡಿಯವರು ಹುಬ್ಬೇರಿಸಿದರು. "ಇವರಿಬ್ಬರು ಸರಿ. ಮೂರನೆಯೋನು ಯಾರು? ಲೇ ಡಿಗ್ರಿ, ಯಾರು ಬರೆದ್ರು ಅಂತ ಹೆಸರು ತೋರಿಸ್ತದೆ ಅಂದೆಯಲ್ಲ, ತೆಗಿ ನೋಡೋಣ."

ನಾನು ಉತ್ಸಾಹದಿಂದಲೇ ತೆಗೆದೆ. ಇದು ನನ್ನ ಕ್ಲೌಡಿನ ಪ್ರತಿಷ್ಠೆಯ ಪ್ರಶ್ನೆ! ಪರದೆಯ ಮೇಲೆ ಎಲ್ಲಕ್ಕಿಂತ ಮೊದಲ ದಾಖಲೆ ಸ್ಪಷ್ಟವಾಗಿ ಮೂಡಿತು. ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷ. ಮೇಲ್ಭಾಗದಲ್ಲಿ ಒಂದು ಸಾಲು ಸೇರ್ಪಡೆ. ಬರೆದದ್ದು: 'ಶ್ರೀ'. ಬರೆದವರು: ನಾನು.



"ಭಲೇ!" ಎಂದರು ರೆಡ್ಡಿಯವರು. "ನಿನ್ನ ಮೋಡ ಸುಳ್ಳು ಹೇಳಲ್ಲ ಕಣಯ್ಯಾ. ನೀನು ಹೇಳಿದ್ದೆಲ್ಲಾ ನಿಜ." ಡ್ರಾಯರಿನಿಂದ ನನ್ನ ಖಾಯಂ ಆದೇಶವನ್ನು ತರಿಸಿ ಓದಿದರು. ಅದರ ನೆತ್ತಿಯ ಮೇಲೂ 'ಶ್ರೀ' ಇತ್ತು. "ಇದೂ ಒಂದು ಸಾಲು ಕೆಳಗೆ ಜಾರ್ತು ಅಂದ್ಕೋ. ಮುಂದಿನ ಮಾವಿನ ಕಾಲಕ್ಕೆ ನೋಡೋಣ. ಅಲ್ಲಿವರೆಗೂ ಫೋನ್ ಎತ್ತೋ ಕೆಲಸ ಮಾಡು. ನಾಳೆ ಬೆಳಿಗ್ಗೆ ನಡೆದದ್ದನ್ನೆಲ್ಲ ಬರೆದು ನನಗೆ ಕೊಡು. ಪೇಪರ್ ಮೇಲೆ!"

ಮನೆಗೆ ಬಂದು ಮಂಜುಳಾಳಿಗೆ ಎಲ್ಲವನ್ನೂ ನಿವೇದಿಸಿದೆ. ಲಾರಿಯ ನಂಬರಿನ ಮಾತನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ವಾಸಿಯಿತ್ತು. ಬಿಳಿಯ ಹಾಳೆಯೊಂದನ್ನು ತಂದು ಮುಂದಿಟ್ಟು, ಎದುರಿಗೇ ಕುಳಿತಳು.

ನಾನು ಲೇಖನಿ ತೆರೆದು, ಎಲ್ಲ ಬುದ್ಧಿಯನ್ನೂ ಒಂದುಗೂಡಿಸಿ, ಇನ್ನು ಮುಂದೆ ಇಂತಹ ಪ್ರಮಾದ ಜರುಗದು ಎಂಬ ವಾಕ್ಯದಿಂದಲೇ ಪ್ರಾರಂಭಿಸಬೇಕೆಂದು ನಿಶ್ಚಯಿಸಿ, ಬರೆಯತೊಡಗಿದೆ.

ಮಂಜುಳಾ ಹಾಳೆಯ ಮೇಲ್ತುದಿಯನ್ನು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಮೊದಲನೇ ಸಾಲು ತುಂಬಿತು ರೀ. ಇನ್ನು ತಪ್ಪನ್ನ ಎರಡನೇ ಸಾಲಿಂದ ಬರೀರಿ."